ಮಳವಳ್ಳಿಗೆ ಎರಡನೇ ದಾರಿ

"ಆಗುತ್ತೆ ಬಿಡಿ ಮೇಡಂ" ಅನ್ನುವ ಮಾತು ಕೇಳಿದರೆ ನನಗೆ ಇವತ್ತಿಗೂ ಮೈಯೆಲ್ಲ ಉರಿಯುತ್ತದೆ. ಎಷ್ಟೋ ವರ್ಷದಿಂದ ನಾನು ಮಾಡಿಕೊಂಡು ಬಂದಿರುವುದು ನೆಟ್‌ವರ್ಕ್ ಕೆಲಸ. ಒಂದೂರಿನ ಕಂಪ್ಯೂಟರು ಇನ್ನೊಂದೂರಿನ ಕಂಪ್ಯೂಟರಿನ ಜೊತೆ ಮಾತಾಡಲು ದಾರಿ ಹಾಕುವುದು, ಆ ದಾರಿ ಕಡಿದುಹೋದರೆ ಇನ್ನೊಂದು ದಾರಿ ಸಿದ್ಧವಾಗಿರುವಂತೆ ನೋಡಿಕೊಳ್ಳುವುದು, ಇಷ್ಟೇ. "ಆಗುತ್ತೆ ಬಿಡಿ" ಅನ್ನುವವರು ಕೆಟ್ಟವರೇನಲ್ಲ. ಆದರೆ ಆಗದೇ ಹೋದ ದಿನ ಫೋನ್ ಎತ್ತಿ ಬೈಸಿಕೊಳ್ಳುವವರು ಅವರಲ್ಲ, ನಾನು.

ನಾನು ಹೇಳಹೊರಟಿರುವುದು ಒಂದು ಫ್ರಿಜ್ಜಿನ ಕಥೆ. ಮಂಡ್ಯದಲ್ಲಿ ಒಂದು ಖಾಸಗಿ ಆಸ್ಪತ್ರೆ ಇದೆ, ಅದಕ್ಕೆ ಮಳವಳ್ಳಿಯಲ್ಲಿ ಒಂದು ಶಾಖೆ, ಮದ್ದೂರಿನಲ್ಲಿ ಒಂದು ಚಿಕ್ಕ ಕ್ಲಿನಿಕ್ಕು. ಮಳವಳ್ಳಿಯ ಶಾಖೆಗೆ ಬರುವವರಲ್ಲಿ ಹೆಚ್ಚಿನವರು ಹೆರಿಗೆಗೆ ಬರುವ ಹೆಣ್ಣುಮಕ್ಕಳು. ಹಲಗೂರಿನ ಕಡೆಯಿಂದ, ಸುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ, ಆಟೋದಲ್ಲಿ ಬರುತ್ತಾರೆ. ಅಲ್ಲಿನ ಲ್ಯಾಬಿನಲ್ಲಿ ರಕ್ತದ ಬಾಟ್ಲಿ ಇಡುವ ಒಂದು ಫ್ರಿಜ್ಜು ಇದೆ. ಈಗೆಲ್ಲ ಅದು ಪ್ಲಾಸ್ಟಿಕ್ ಚೀಲವಾದರೂ ನಮ್ಮ ಕಡೆ ಬಾಟ್ಲಿ ಅಂತಲೇ ಕರೆಯುವುದು. ಯಾವ ಬಾಟ್ಲಿ ಎಲ್ಲಿದೆ, ಯಾರಿಗೆ ಮೀಸಲು ಎನ್ನುವುದೆಲ್ಲ ಕಂಪ್ಯೂಟರಿನಲ್ಲಿ. ಅದಕ್ಕೆಂದು ಮಂಡ್ಯದಲ್ಲೊಂದು ಸರ್ವರ್, ಮಳವಳ್ಳಿಯಲ್ಲೊಂದು ಸರ್ವರ್. ಒಂದು ಕೆಟ್ಟರೆ ಇನ್ನೊಂದು ಕೆಲಸ ವಹಿಸಿಕೊಳ್ಳಬೇಕು, ಎರಡರಲ್ಲೂ ಇರುವುದು ಒಂದೇ ಪಟ್ಟಿ ಆಗಿರಬೇಕು. ಹಾಗೆ ಮಾಡಿಟ್ಟಿದ್ದವಳು ನಾನೇ.

ಹೋದ ವರ್ಷ ಅದು ಕೈಕೊಟ್ಟಿತು. ಎರಡು ಊರಿನ ನಡುವೆ ನಾನು ಎರಡು ಕೇಬಲ್ ಹಾಕಿಸಿದ್ದೆ, ಆದರೆ ಎರಡನ್ನೂ ಒಂದೇ ಗುಂಡಿಯಲ್ಲಿ ಹೂತಿದ್ದರು. ನಾನು ಹೋಗಿ ನೋಡಿರಲಿಲ್ಲ. ನಕಾಶೆ ನೋಡಿ ಸಹಿ ಹಾಕಿದ್ದೆ. ಒಂದು ಬೆಳಿಗ್ಗೆ ಯಾರೋ ನೀರಿನ ಪೈಪಿಗೆ ಅಗೆದಾಗ ಎರಡೂ ಒಟ್ಟಿಗೇ ತುಂಡಾದವು. ಮಾತು ನಿಂತುಹೋದ ಕೂಡಲೇ ಮಂಡ್ಯದ ಸರ್ವರ್ ಮಳವಳ್ಳಿಯದು ಸತ್ತಿತೆಂದುಕೊಂಡಿತು, ಮಳವಳ್ಳಿಯದು ಮಂಡ್ಯದ್ದು ಸತ್ತಿತೆಂದುಕೊಂಡಿತು. ಒಂದೇ ಮನೆಗೆ ಇಬ್ಬರು ಯಜಮಾನರು. ಅದೇ ಹೊತ್ತಿಗೆ ಮಳವಳ್ಳಿಯಲ್ಲಿ ಹೆರಿಗೆಯಾದ ಒಬ್ಬ ಹೆಣ್ಣುಮಗಳಿಗೆ ರಕ್ತ ನಿಲ್ಲದೆ ಹೋಗುತ್ತಿತ್ತು. ಅವಳದು ಸುಲಭಕ್ಕೆ ಸಿಗದ ಗುಂಪು. ಮಂಡ್ಯದಲ್ಲಿರುವ ಬಾಟ್ಲಿ ನಿಮಗೆ ಮೀಸಲಾಗಿದೆ ಎಂದು ಮಳವಳ್ಳಿಯ ಪರದೆ ತೋರಿಸಿತು. ಅದೇ ಬಾಟ್ಲಿಯನ್ನು ಮಂಡ್ಯದ ಪರದೆ ಇನ್ನೊಬ್ಬ ರೋಗಿಗೆ ಕೊಟ್ಟುಬಿಟ್ಟಿತ್ತು. ಹೊರಡದೇ ಇದ್ದ ಬಾಟ್ಲಿಗಾಗಿ ಅವರು ಒಂದು ಗಂಟೆ ಕಾದರು. ಮೈಸೂರಿನಿಂದ ಬೇರೆ ಬಾಟ್ಲಿ ಬರುವ ತನಕ ಆ ಹೆಣ್ಣುಮಗಳು ಜೀವ ಹಿಡಿದುಕೊಂಡಿದ್ದಳು. ಉಳಿದಳು. ಆದರೆ ಅದರಲ್ಲಿ ನನ್ನ ಜಾಣತನವೇನೂ ಇರಲಿಲ್ಲ.

ಮಾರನೇ ದಿನ ಮಳವಳ್ಳಿಗೆ ಹೋದೆ. ಅಲ್ಲಿನ ಲ್ಯಾಬ್ ನೋಡಿಕೊಳ್ಳುವ ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವರು, ಅದೇ ಊರಿನವರು. ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಕಪಾಟಿನಿಂದ ದಪ್ಪ ರಟ್ಟಿನ ಒಂದು ಪುಸ್ತಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಇಪ್ಪತ್ ವರ್ಸದಿಂದ ಇದ್ರಲ್ಲಿ ಬರ್ಕಂಡ್ ಬಂದೋಳು ಮೇಡಂ. ಗೊತ್ತಿಲ್ದೇ ಇದ್ರೆ ಇದು ಖಾಲಿ ಇರ್ತಿತ್ತು. ಖಾಲಿ ಇದ್ರೆ ಫೋನ್ ಮಾಡಿ ಕೇಳ್ತಿದ್ದೆ. ನಿಮ್ ಕಂಪ್ಯೂಟ್ರು ಗೊತ್ತಿಲ್ದೇ ಇದ್ರೂ ಗೊತ್ತು ಅಂತ ಯೋಳ್ತಲ್ಲ, ಅದುಕ್ಕೇನ್ ಮಾಡಾನ? ಅದ್ ಯೋಳಿದ್ದನ್ನೇ ನಾನು ಡಾಕ್ಟ್ರಿಗ್ ಯೋಳ್ದೆ. ಬಾಟ್ಲಿ ಬತ್ತಾ ಅದೆ ಅಂದೆ."

ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವತ್ತಿನಿಂದ ಅವರು ಕಂಪ್ಯೂಟರಿನಲ್ಲೂ ಹಾಕುತ್ತಿದ್ದರು, ಪುಸ್ತಕದಲ್ಲೂ ಬರೆಯುತ್ತಿದ್ದರು, ಯಾರಾದರೂ ಬಾಟ್ಲಿ ಕೇಳಿದರೆ ನೋಡುತ್ತಿದ್ದುದು ಮಾತ್ರ ಪುಸ್ತಕವನ್ನು.

ಮಂಡ್ಯದ ಆಡಳಿತಾಧಿಕಾರಿಗಳು ನನ್ನನ್ನು ಕರೆಸಿ ಕಡ್ಡಿ ಮುರಿದ ಹಾಗೆ ಹೇಳಿದರು. "ಯುಗಾದಿ ಕಳೆದ ಮೇಲೆ ಬರುವ ಸೋಮವಾರ ನಮ್ಮ ಮುಂದೆ ಪರೀಕ್ಷೆ ಮಾಡಿ ತೋರಿಸಿ. ಸರಿ ಬಂದರೆ ಸರಿ. ಇಲ್ಲದಿದ್ದರೆ ಮಳವಳ್ಳಿಯ ಫ್ರಿಜ್ಜನ್ನ ಎತ್ತಿ ಮಂಡ್ಯಕ್ಕೆ ತಂದುಬಿಡ್ತೀವಿ. ಬೇಕಾದಾಗ ಗಾಡೀಲಿ ಕಳಿಸಿದರಾಯ್ತು."

ಗಾಡಿಯಲ್ಲಿ ಕಳಿಸಿದರೆ ಎಷ್ಟು ಹೊತ್ತಾಗುತ್ತದೆಂದು ನಾನು ಹೇಳಬೇಕಿರಲಿಲ್ಲ, ಅವರಿಗೂ ಗೊತ್ತಿತ್ತು. ಸುಳ್ಳು ಹೇಳುವ ಫ್ರಿಜ್ಜಿಗಿಂತ ಅದೇ ವಾಸಿ ಎನ್ನುವುದು ಅವರ ವಾದ. ಒಪ್ಪದಿರಲು ನನ್ನ ಹತ್ತಿರ ಕಾರಣವೂ ಇರಲಿಲ್ಲ. ಹಟ ಮಾತ್ರ ಇತ್ತು. ಫ್ರಿಜ್ಜು ಮಳವಳ್ಳಿ ಬಿಟ್ಟು ಕದಲಕೂಡದು ಎಂದು ಅವತ್ತೇ ಗಟ್ಟಿಮಾಡಿಕೊಂಡೆ.

ಹಳೆಯ ಎರಡು ಕೇಬಲ್ಲನ್ನೂ ಕೈಬಿಟ್ಟು ಮೊದಲಿಂದ ಶುರುಮಾಡಿದೆ. ಮದ್ದೂರಿನ ಕ್ಲಿನಿಕ್ಕಿನಲ್ಲಿ ಮೂರನೆಯದೊಂದು ಸಣ್ಣ ಪೆಟ್ಟಿಗೆ ಇಟ್ಟೆ. ಅದಕ್ಕೆ ಬಾಟ್ಲಿಯ ಲೆಕ್ಕ ಗೊತ್ತಿಲ್ಲ, ಅದರ ಕೆಲಸ ಸಾಕ್ಷಿ ಹೇಳುವುದು ಅಷ್ಟೇ. ಮಾತು ನಿಂತಾಗ ಯಾವ ಸರ್ವರಿಗೆ ಮದ್ದೂರಿನ ಪೆಟ್ಟಿಗೆ ಕಾಣುತ್ತದೋ ಅದು ಕೆಲಸ ಮುಂದುವರಿಸಬೇಕು. ಯಾವುದು ಒಂಟಿಯಾಗಿ ಉಳಿಯುತ್ತದೋ ಅದು ಬಾಯಿ ಮುಚ್ಚಿಕೊಂಡು ಕೂರಬೇಕು. ಮಂಡ್ಯದಿಂದ ಮದ್ದೂರಿಗೆ ಎರಡು ಬೇರೆ ಬೇರೆ ಕೇಬಲ್ ಆಗಲೇ ಇದ್ದವು, ಅವನ್ನು ಸ್ಕೂಟರಿನಲ್ಲಿ ಉದ್ದಕ್ಕೂ ನೋಡಿಬಂದೆ. ಉಳಿದದ್ದು ಮದ್ದೂರಿನಿಂದ ಮಳವಳ್ಳಿಗೆ. ಒಂದು ಕೇಬಲ್ ಮೇನ್ ರೋಡಿನ ಕಂಬಗಳ ಮೇಲೆ. ಎರಡನೆಯದು ಹಳ್ಳಿಗಳ ಒಳರಸ್ತೆಯಲ್ಲಿ. ಎರಡೂ ಎಲ್ಲಿಯೂ ಒಂದಕ್ಕೊಂದು ತಾಗಬಾರದು ಎಂದು ಗುತ್ತಿಗೆದಾರರಿಗೆ ಮೂರು ಸಲ ಬರೆದುಕೊಟ್ಟೆ, ನಾಲ್ಕನೇ ಸಲ ಎದುರಿಗೆ ಕೂರಿಸಿಕೊಂಡು ಹೇಳಿದೆ.

ಪರೀಕ್ಷೆಗೆ ಹತ್ತು ದಿನ ಇರುವಾಗ ಎರಡನೇ ಕೇಬಲ್ ಮುಗಿಯಿತೆಂದರು. ಬೆಳಕು ಹಾಯಿಸಿ ಕೇಬಲ್ಲಿನ ಉದ್ದ ಅಳೆಯುವ ಒಂದು ಮೀಟರು ನಮ್ಮಲ್ಲಿರುತ್ತದೆ. ಮದ್ದೂರಿನಲ್ಲಿ ಕೂತು ಅಳೆದೆ. ನಕಾಶೆಗಿಂತ ಒಂದು ಕಿಲೋಮೀಟರು ಜಾಸ್ತಿ ಬಂತು. ಗುತ್ತಿಗೆದಾರರಿಗೆ ಫೋನ್ ಮಾಡಿದೆ.

"ಅಲ್ಲಲ್ಲಿ ಸುತ್ತಿ ಬಿಟ್ಟಿರ್ತೀವಲ್ಲ ಮೇಡಂ, ಅದಿರ್ಬೇಕು. ಆಗುತ್ತೆ ಬಿಡಿ."

ಅಷ್ಟು ಸಾಕಾಯಿತು ನನಗೆ. ಸುತ್ತಿ ಬಿಡುವುದು ನನಗೂ ಗೊತ್ತು, ಆದರೆ ಒಂದು ಕಿಲೋಮೀಟರು ಸುತ್ತಿಡಲು ಅದೇನು ಅವರ ಮನೆಯ ಬಟ್ಟೆ ಒಣಹಾಕುವ ಹಗ್ಗವೇ? ಕೇಬಲ್ ಎಳೆದ ಲೈನ್‌ಮನ್ ಅಣ್ಣನನ್ನು ಕರೆಸಿದೆ. ಐವತ್ತು ದಾಟಿದ ಮನುಷ್ಯ, ಆ ಒಳರಸ್ತೆಯ ಒಂದು ಹಳ್ಳಿಯವನೇ. ಕಂಬ ಕಂಬವನ್ನೂ ತೋರಿಸು ನಡಿ ಎಂದೆ. ಅವನ ಮುಖ ಸಪ್ಪಗಾಯಿತು. "ಬಿಸ್ಲು ಮೇಡಂ, ಯಾಕ್ ಸುಮ್ಕೆ" ಅಂದ. ನಾನು ಸ್ಕೂಟರ್ ಸ್ಟಾರ್ಟ್ ಮಾಡಿಯಾಗಿತ್ತು.

ಅರ್ಧ ದಾರಿಯವರೆಗೆ ಎಲ್ಲ ಸರಿಯಿತ್ತು. ಅವನ ಊರು ಇನ್ನೇನು ಬಂತು ಅನ್ನುವಾಗ ಕೇಬಲ್ ಕಂಬದಿಂದ ಎಡಕ್ಕೆ ತಿರುಗಿತು. ಗದ್ದೆಯ ಬದುವಿನ ಮೇಲೆ, ತೆಂಗಿನ ಮರಗಳಿಗೆ ಕಟ್ಟಿಸಿಕೊಂಡು, ನೇರ ಮೇನ್ ರೋಡಿಗೆ ಹೋಗಿತ್ತು. ಅಲ್ಲಿ ಮೊದಲನೇ ಕೇಬಲ್ಲಿನ ಕಂಬಗಳಿಗೇ, ಅದರ ಒಂದು ಮೊಳ ಕೆಳಗೆ, ಒಪ್ಪವಾಗಿ ಕಟ್ಟಿಸಿಕೊಂಡು ಊರು ದಾಟಿ, ಆಮೇಲೆ ಮತ್ತೆ ಒಳರಸ್ತೆಗೆ ಬಂದಿತ್ತು. ಆ ತಿರುವಿನಲ್ಲೇ ಆಲೆಮನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ತಿರುಗುವುದು. ಕೆಳಗಿನ ಕೇಬಲ್ಲಿಗೆ ಕಬ್ಬಿನ ಸೋಗೆ ಸಿಕ್ಕಿಕೊಂಡು ಹಸಿಹಸಿಯಾಗಿ ನೇತಾಡುತ್ತಿತ್ತು. ಒಂದು ಲೋಡು ಇನ್ನೊಂದು ಗೇಣು ಎತ್ತರವಾಗಿದ್ದರೆ ಎರಡೂ ಕೇಬಲ್ ಒಟ್ಟಿಗೇ ನೆಲಕ್ಕೆ.

ನನ್ನ ತಲೆ ಕೆಟ್ಟುಹೋಯಿತು. "ಏನಣ್ಣ ಇದು? ಎರಡು ದಾರಿ ಮಾಡು ಅಂತ ಬಾಯಿ ಬಡ್ಕೊಂಡ್ನಲ್ಲ! ಎರಡನ್ನೂ ಒಂದೇ ಕಂಬಕ್ಕೆ ನೇತು ಹಾಕಿದ್ದೀಯಲ್ಲ, ನಿನಗೆ ಮನುಷ್ಯತ್ವ ಇದೆಯಾ?" ದಾರಿಯಲ್ಲಿ ಹೋಗುತ್ತಿದ್ದ ಟ್ರ್ಯಾಕ್ಟರಿನವನು ನಿಲ್ಲಿಸಿ ನೋಡಿದ. ನಾನು ನಿಲ್ಲಿಸಲಿಲ್ಲ. ಹೋದ ವರ್ಷದ ಒಂದು ಗಂಟೆ ನನ್ನೊಳಗೆ ಹಾಗೇ ಕೂತಿತ್ತು, ಎಲ್ಲವನ್ನೂ ಅವನ ಮೇಲೆ ಸುರಿದೆ.

ಅವನು ತಲೆ ತಗ್ಗಿಸಿಕೊಂಡು ಪೂರ್ತಿ ಕೇಳಿದ. "ನೀವ್ ಬಯ್ಯಾದು ಸರಿಯಾಗದೆ ಮೇಡಂ. ಒಸಿ ನಮ್ಮೂರ್ ಒಳೀಕ್ ಬನ್ನಿ. ನೋಡುದ್ ಮ್ಯಾಲೆ ಇನ್ನೊಂದ್ಸಲ ಬೈರಿ."

ಹೋದೆ. ಊರೊಳಗೆ ರಸ್ತೆಯ ಎರಡೂ ಬದಿ ದೊಡ್ಡ ದೊಡ್ಡ ಹುಣಸೆ ಮರ. ಮರದ ತುಂಬ ಕೊಕ್ಕರೆ. ಕೊಕ್ಕರೆ ಬೆಳ್ಳೂರು ಅಲ್ಲಿಗೆ ದೂರವೇನಲ್ಲ, ಅಲ್ಲಿಗೆ ಬರುವ ಹಕ್ಕಿಗಳಲ್ಲಿ ಒಂದಷ್ಟು ಈ ಊರನ್ನೂ ಹಿಡಿದಿದ್ದವು. ಗೂಡು ಗೂಡಿನಲ್ಲೂ ಮರಿ. ನಾವು ಕಂಬ ಹತ್ತಬೇಕಿದ್ದುದು ಆ ಕೊಂಬೆಗಳ ನಡುವೆ. ಕೆಳಗೆ ಜಗಲಿಯ ಮೇಲೆ ಒಣಗಿದ ಅವರೆಕಾಯಿ ಸುಲಿಯುತ್ತಿದ್ದ ಒಬ್ಬ ಅಜ್ಜಿ, ನಾವಿನ್ನೂ ಮಾತು ಶುರುಮಾಡುವ ಮೊದಲೇ, "ಯಾರ್ಲಾ ಅದು, ಮೆತ್ಗೆ ಮಾತಾಡ್ರಿ" ಅಂದಳು. ಲೈನ್‌ಮನ್ ಅಣ್ಣನ ಸ್ವಂತ ಅತ್ತೆಯಂತೆ.

"ಏಣಿ ಹಾಕಕ್ ಬಂದಿದ್ದೆ ಮೇಡಂ," ಅಂದ ಅವನು. "ನಮ್ಮತ್ತೆ ಬುಡ್ಲಿಲ್ಲ. ನಂಗೂ ಮನಸ್ ಬರ್ಲಿಲ್ಲ. ಕಂಬ ಅತ್ತುದ್ರೆ ಅವು ಎದ್ದು ಓಯ್ತವೆ, ಮರಿ ಕೆಳೀಕ್ ಬೀಳ್ತವೆ. ನಿಮ್ಗೆ ಯೋಳುದ್ರೆ ಬೈತೀರಿ ಅಂತ ಸುಮ್ಕಾದೆ."

"ಎಣ್ಮಕ್ಳು ಬಾಣಂತನಕ್ಕೆ ತವ್ರಿಗ್ ಬಂದವ್ರೆ ಕಣವ್ವ," ಅಂದಳು ಅಜ್ಜಿ, ಮರದ ಕಡೆ ಗಲ್ಲ ಎತ್ತಿ ತೋರಿಸುತ್ತಾ. "ಬಾಣ್ತಿ ಇರೋ ಮನೆ ಮುಂದೆ ಯಾರಾರ ಗಲಾಟೆ ಮಾಡ್ತಾರಾ?"

ನಾನು ಜಗಲಿಯ ಮೇಲೆ ಕೂತುಬಿಟ್ಟೆ. ಇದ್ದದ್ದನ್ನೇ ಹೇಳಿದೆ. ಮಳವಳ್ಳಿಯ ಆಸ್ಪತ್ರೆ, ಆ ಹೆಣ್ಣುಮಗಳು, ಬರುತ್ತದೆ ಬರುತ್ತದೆ ಎಂದು ಕಾದ ಒಂದು ಗಂಟೆ, ಎಂಟು ಹತ್ತು ದಿನದಲ್ಲಿ ಎತ್ತಿಕೊಂಡು ಹೋಗಬಹುದಾದ ಫ್ರಿಜ್ಜು. "ಅಲ್ಲೂ ಬಾಣಂತಿಯರೇ ಇರೋದು ಅಜ್ಜಿ. ಈ ದಾರಿ ಅವರಿಗೋಸ್ಕರವೇ" ಅಂದೆ.

ಅಜ್ಜಿ ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದಳು. ಆಮೇಲೆ ಅಳಿಯನ ಕಡೆ ತಿರುಗಿ ಗದರಿಕೊಂಡಳು. "ಇಂಗಂತ ಮೊದ್ಲೇ ಯೋಳಕ್ ಏನಾಗಿತ್ಲಾ ನಿಂಗೆ? ವೈರು ಅಂದ್ರೆ ಟೀವಿಗೇನೋ ಅನ್ಕಂಡೆ ನಾನು." ನನ್ನ ಕಡೆ ತಿರುಗಿ, "ಇತ್ಲ ಕಡೆ ಗಾಡಿ ಓಣಿ ಅದೆ ಕಣವ್ವ. ಅಲ್ಲಿ ಮರ ಇಲ್ಲ, ಅಕ್ಕಿ ಇಲ್ಲ. ನೆಲ್ದೊಳೀಕ್ ಊತು ಎಳ್ಕಂಡ್ ಓಗಿ. ಆದ್ರೆ ಆ ಜೇಸಿಬಿ ಗೀಸಿಬಿ ತರ್ಬ್ಯಾಡಿ. ಅದ್ರ ಸದ್ದಿಗೆ ಎಲ್ಲಾ ಎದ್ದು ಓಯ್ತವೆ."

ಹಿತ್ತಲ ಓಣಿ ನೋಡಿದೆ. ಎತ್ತಿನ ಗಾಡಿ ಹೋಗುವಷ್ಟು ಅಗಲ, ಊರಿನ ಹಿಂದಿನಿಂದ ಹೋಗಿ ಆಚೆ ಮತ್ತೆ ಒಳರಸ್ತೆಗೇ ಸೇರುತ್ತದೆ. ಮೇನ್ ರೋಡಿಗೂ ಅದಕ್ಕೂ ಸಂಬಂಧವಿಲ್ಲ. ಎಂಟುನೂರು ಮೀಟರಿನಷ್ಟು ಅಗೆಯಬೇಕು. ಗುತ್ತಿಗೆದಾರರಿಗೆ ಫೋನ್ ಮಾಡಿದರೆ, ಯಂತ್ರವಿಲ್ಲದೆ ಕೈಯಲ್ಲಿ ಅಗೆಯಲು ಹದಿನೈದು ದಿನ ಬೇಕು, ಆಗುವುದಿಲ್ಲ ಅಂದರು. ಮೊದಲ ಸಲ ಅವರ ಬಾಯಲ್ಲಿ "ಆಗುವುದಿಲ್ಲ" ಎಂದು ಕೇಳಿದ್ದು! ನಮ್ಮ ಹತ್ತಿರ ಇದ್ದದ್ದು ಒಂಬತ್ತು ದಿನ. "ಪೈಪು, ಕೇಬಲ್ಲು, ಇರುವಷ್ಟು ಆಳು ಕಳಿಸಿ. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದೆ. ನೋಡಿಕೊಳ್ಳುವುದು ಹೇಗೆಂದು ನನಗೆ ಗೊತ್ತಿರಲಿಲ್ಲ.

ಪಂಚಾಯಿತಿಯಿಂದ ಒಪ್ಪಿಗೆ ಪತ್ರ ತಂದು ಮಾರನೇ ಬೆಳಿಗ್ಗೆ ಓಣಿಗೆ ಹೋದಾಗ ಗುತ್ತಿಗೆದಾರರ ಆಳು ನಾಲ್ಕು ಜನ, ಊರಿನವರು ಹನ್ನೊಂದು ಜನ ಇದ್ದರು. ಅಜ್ಜಿ ಮನೆ ಮನೆಗೂ ಹೋಗಿ ಹೇಳಿಬಂದಿದ್ದಳು. ಓಣಿಯನ್ನು ಮನೆಗಿಷ್ಟು ಎಂದು ಹಂಚಿಕೊಂಡರು. ತಮ್ಮ ತಮ್ಮ ಹಿತ್ತಲ ಹಿಂದಿನ ನೆಲವನ್ನು ಆಯಾ ಮನೆಯವರೇ ಅಗೆಯುವುದು. ಮೇಲೆ ಒಂದಡಿ ಮೆತ್ತಗಿದ್ದ ಮಣ್ಣು, ಕೆಳಗೆ ಗಟ್ಟಿ ಗರಸು. ಹಾರೆ ಹಾಕಿದರೆ ಠಣ್ ಅನ್ನುತ್ತಿತ್ತು. ಠಣ್ ಅಂದಾಗಲೆಲ್ಲ ಎಲ್ಲರೂ ಮರದ ಕಡೆ ನೋಡುತ್ತಿದ್ದರು. ಹಾರೆಯ ತಲೆಗೆ ಗೋಣಿ ಸುತ್ತಿಕೊಳ್ಳಲು ಹೇಳಿದ್ದೂ ಅಜ್ಜಿಯೇ.

ನಾನೂ ಗುದ್ದಲಿ ಹಿಡಿದೆ. ಎರಡನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಬಂತು. "ಬುಡಿ ಮೇಡಂ, ನಿಮ್ ಕೈಯಲ್ ಆಗಾಕಿಲ್ಲ" ಎಂದು ಲೈನ್‌ಮನ್ ಅಣ್ಣ ನಕ್ಕರೆ, ಬೊಬ್ಬೆಗೆ ಬಟ್ಟೆ ಕಟ್ಟಿಕೊಂಡು ಅವನ ಪಕ್ಕದಲ್ಲೇ ನಿಂತು ಅಗೆದೆ. ಮಧ್ಯಾಹ್ನ ಮುದ್ದೆ, ಹುರುಳಿಕಾಳು ಸಾರು. ಪ್ರತಿ ಹತ್ತು ಮಾರಿಗೊಮ್ಮೆ ನಾನು ಟೇಪು ಹಿಡಿದು ಆಳ ನೋಡುತ್ತಿದ್ದೆ, ಒಂದು ಗೇಣು ಕಡಿಮೆಯಿದ್ದರೂ ಮತ್ತೆ ಅಗೆಸುತ್ತಿದ್ದೆ. "ಏನವ್ವ ನೀನು, ಎಣ್ಣು ನೋಡಕ್ ಬಂದೋರಂಗೆ ಎಲ್ಲಾದ್ರಲ್ಲೂ ಕೊಂಕು ತೆಗೀತೀಯ" ಎಂದು ಒಬ್ಬ ಹೆಂಗಸು ಆಡಿಕೊಂಡಳು. ಆಡಿಕೊಳ್ಳಲಿ. ನಕಾಶೆ ನೋಡಿ ಸಹಿ ಹಾಕುವ ಚಾಳಿ ನನಗೆ ಬಿಟ್ಟುಹೋಗಿತ್ತು.

ಏಳನೇ ದಿನ ಪೈಪು ಮುಚ್ಚಿದೆವು. ಎಂಟನೇ ದಿನ ಲೈನ್‌ಮನ್ ಅಣ್ಣ ಮೇನ್ ರೋಡಿನ ಕಂಬಗಳಿಂದ ಎರಡನೇ ಕೇಬಲ್ಲನ್ನು ಬಿಚ್ಚಿ, ಓಣಿಯ ಕೇಬಲ್ಲಿಗೆ ಜೋಡಿಸಿದ. ಮದ್ದೂರಿನಲ್ಲಿ ಕೂತು ಅಳೆದೆ. ಉದ್ದ ನಾನು ಹೊಸದಾಗಿ ಬರೆದ ನಕಾಶೆಗೆ ಸರಿಯಾಗಿ ಕೂತಿತು. ಊರಿನಲ್ಲಿ ಒಂದು ಗೂಡೂ ಖಾಲಿಯಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಮಳವಳ್ಳಿಯ ಲ್ಯಾಬಿನಲ್ಲಿ ನಾವು ನಾಲ್ಕು ಜನ ಸೇರಿದೆವು. ಆಡಳಿತಾಧಿಕಾರಿಗಳು, ಹೆರಿಗೆ ವಾರ್ಡಿನ ಡಾಕ್ಟರಮ್ಮ, ಲ್ಯಾಬಿನ ಅಕ್ಕ, ನಾನು. ಮಂಡ್ಯದಲ್ಲಿ ನನ್ನ ಜೊತೆ ಕೆಲಸ ಮಾಡುವವನು ಅಲ್ಲಿನ ಪರದೆಯ ಮುಂದೆ ಫೋನ್ ಹಿಡಿದು ಕೂತಿದ್ದ. ಗೋಡೆಯ ಪೆಟ್ಟಿಗೆಯಲ್ಲಿ ಎರಡು ಕೇಬಲ್, ಒಂದಕ್ಕೆ ಹಳದಿ ಪಟ್ಟಿ, ಒಂದಕ್ಕೆ ಹಸಿರು. ಹಳದಿ ಕಿತ್ತು ತೋರಿಸುವುದು, ಆಮೇಲೆ ಅದನ್ನು ಹಾಕಿ ಹಸಿರು ಕಿತ್ತು ತೋರಿಸುವುದು, ಇಷ್ಟೇ ಪರೀಕ್ಷೆ ಎಂದು ವಿವರಿಸಿದೆ. ಕೈ ಮುಂದೆ ಚಾಚಿದೆ.

"ಇರಿ, ನಾನೇ ಕೀಳ್ತೀನಿ" ಅಂದರು ಅಕ್ಕ.

ಹಳದಿ ಕಿತ್ತರು. ಪರದೆ ಕಣ್ಣು ಮಿಟುಕಿಸಲಿಲ್ಲ. ಅಕ್ಕ ರಟ್ಟಿನ ಪುಸ್ತಕ ತೆರೆದು ಒಂದೊಂದೇ ಬಾಟ್ಲಿಯ ನಂಬರು ಗಟ್ಟಿಯಾಗಿ ಓದಿದರು. ಇಲ್ಲಿನ ಪರದೆಯಲ್ಲೂ ಅದೇ, ಫೋನಿನಲ್ಲಿ ಮಂಡ್ಯದವನು ಓದಿದ್ದೂ ಅದೇ. ಹಳದಿ ಹಾಕಿ ಹಸಿರು ಕಿತ್ತರು. ಆಗಲೂ ಅದೇ. ಆಡಳಿತಾಧಿಕಾರಿಗಳು "ಸರಿ ಹಾಗಾದ್ರೆ" ಎಂದು ಪೆನ್ನು ತೆಗೆದರು.

ಅಷ್ಟರಲ್ಲಿ ಅಕ್ಕ ನನ್ನ ಮುಖ ಕೂಡ ನೋಡದೆ ಹಳದಿಯನ್ನೂ ಕಿತ್ತುಬಿಟ್ಟರು.

ಎರಡೂ ಕೇಬಲ್ ಅವರ ಕೈಯಲ್ಲಿ ನೇತಾಡುತ್ತಿದ್ದವು. ಹೀಗೆ ಮಾಡುತ್ತೇನೆಂದು ಅವರು ಹೇಳಿರಲಿಲ್ಲ. ಹೋದ ವರ್ಷದ ಆ ಬೆಳಿಗ್ಗೆ ಆದದ್ದೂ ಇದೇ. ನಾಲ್ಕು ಕ್ಷಣ, ಐದು ಕ್ಷಣ. ಪರದೆಯ ಮೇಲಿನ ಪಟ್ಟಿ ಪೂರ್ತಿ ಅಳಿಸಿಹೋಯಿತು. ಅದರ ಜಾಗದಲ್ಲಿ ನಾನೇ ಬರೆದಿಟ್ಟಿದ್ದ ಎರಡು ಸಾಲು ಬಂತು. "ನನಗೆ ಈಗ ಗೊತ್ತಿಲ್ಲ. ಮಂಡ್ಯಕ್ಕೆ ಫೋನ್ ಮಾಡಿ."

"ಏನ್ರೀ ಇದು?" ಆಡಳಿತಾಧಿಕಾರಿಗಳು ಪೆನ್ನು ಮುಚ್ಚಿದರು. "ನಿಂತೇಹೋಯ್ತಲ್ಲ! ಮತ್ತೆ ಅದೇ ಹಾಡು ಆಯ್ತು. ಫ್ರಿಜ್ಜು ಮಂಡ್ಯಕ್ಕೆ..."

"ಇರ್ಲಿ ಸುಮ್ಕಿರಿ ಸಾರ್," ಅಂದರು ಅಕ್ಕ. ಅಷ್ಟು ದೊಡ್ಡವರಿಗೆ ಹಾಗೆ ಹೇಳಿದ್ದನ್ನು ನಾನು ಅವತ್ತೇ ಕೇಳಿದ್ದು. ಅವರು ಮೇಜಿನ ಮೇಲಿನ ಫೋನ್ ಎತ್ತಿ ಮಂಡ್ಯದವನಿಗೆ ಒಂದು ನಂಬರು ಹೇಳಿದರು. ಅವನು ಆ ಬಾಟ್ಲಿ ಎಲ್ಲಿದೆ ಎಂದು ತಕ್ಷಣ ಹೇಳಿದ. ಪುಸ್ತಕಕ್ಕೆ ತಾಳೆ ನೋಡಿದರು. ಸರಿಯಿತ್ತು. ಫೋನ್ ಇಟ್ಟು ಪರದೆಯ ಆ ಎರಡು ಸಾಲನ್ನು ಇನ್ನೊಂದು ಸಲ ಓದಿಕೊಂಡರು.

"ಇದು ಕೆಟ್ಟಿಲ್ಲ ಸಾರ್. ಗೊತ್ತಿಲ್ಲ ಅಂತ ಯೋಳದ್ ಕಲ್ತದೆ. ಓದ್ಸಲ ಇಷ್ಟ್ ಯೋಳಿದ್ರೆ ಆ ಎಣ್ಮಗಳು ಒಂದ್ ಗಂಟೆ ಕಾಯ್ತಿರ್ಲಿಲ್ಲ. ನಂಗ್ ಬೇಕಾಗಿದ್ದು ಇದೇ."

ಡಾಕ್ಟರಮ್ಮ ಆಡಳಿತಾಧಿಕಾರಿಗಳನ್ನು ನೋಡಿ, "ಫ್ರಿಜ್ಜು ಇಲ್ಲೇ ಇರಲಿ ಸರ್" ಅಂದರು. ಅವರು ಮತ್ತೆ ಪೆನ್ನು ತೆಗೆದು ಸಹಿ ಹಾಕಿದರು. ನಾನು ಗೋಡೆಯ ಪೆಟ್ಟಿಗೆಯಲ್ಲಿ ಏನೋ ಸರಿಮಾಡುವವಳ ಹಾಗೆ ಆ ಕಡೆ ತಿರುಗಿಕೊಂಡೆ. ಕಣ್ಣು ತುಂಬಿತ್ತು, ತೋರಿಸಲು ಇಷ್ಟವಿರಲಿಲ್ಲ.

ಅಕ್ಕ ಎರಡೂ ಕೇಬಲ್ಲನ್ನು ತಾವೇ ಮತ್ತೆ ಸಿಕ್ಕಿಸಿದರು. ಪಟ್ಟಿ ಪರದೆಗೆ ವಾಪಸು ಬಂತು. "ನಿಮ್ ಅಂಗೈಗ್ ಏನಾಯ್ತು ಕಣಮ್ಮ?" ಎಂದು ನನ್ನ ಕೈ ಹಿಡಿದು ನೋಡಿದರು. ಅವರು ನನ್ನನ್ನು ಮೇಡಂ ಅನ್ನದೆ ಮಾತಾಡಿಸಿದ್ದು ಅದೇ ಮೊದಲು. ಕಥೆ ದೊಡ್ಡದು, ಆಮೇಲೆ ಹೇಳುತ್ತೇನೆ ಎಂದೆ.

ಹೇಳಲು ಹೊತ್ತು ಸಿಗಲಿಲ್ಲ. ಹೆರಿಗೆ ವಾರ್ಡಿನಿಂದ ನರ್ಸ್ ಒಬ್ಬಳು ಚೀಟಿ ಹಿಡಿದುಕೊಂಡು ಅರ್ಧ ಓಡುತ್ತಾ ಬಂದಳು. "ಅಕ್ಕ, ಬೇಗ ಒಂದು ಬಾಟ್ಲಿ ಬೇಕು." ರಟ್ಟಿನ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಅಕ್ಕ ಚೀಟಿ ಓದಿದರು, ತಲೆ ಎತ್ತಿ ಮೊದಲು ಪರದೆಯನ್ನು ನೋಡಿದರು, ಆಮೇಲೆ ಹೋಗಿ ಫ್ರಿಜ್ಜಿನ ಬಾಗಿಲು ತೆಗೆದರು.